ಎಂಜಿಬಿ ಗಾಡಿಯ ಓವರ್‌ಡ್ರೈವ್ ಕೈಕೊಟ್ಟಾಗ: ಬಿಚ್ಚುವ ಮೊದಲು ದೋಷ ಹುಡುಕುವ ಕ್ರಮ

ಎಂಜಿಬಿ ಬ್ರಿಟನ್ನಿನ ಎಂಜಿ ಕಂಪನಿಯ ಹಳೆಯ ಸ್ಪೋರ್ಟ್ಸ್ ಕಾರು. ಅದರ ಗೇರ್‌ಬಾಕ್ಸಿನ ಹಿಂದೆ ಕೂತು, ಅದೇ ವೇಗಕ್ಕೆ ಎಂಜಿನ್ ಸುತ್ತು ತಗ್ಗಿಸುವ ಘಟಕವೇ ಓವರ್‌ಡ್ರೈವ್. ಕಲಬುರಗಿ ದಾಟಿ ಹುಮನಾಬಾದ್ ಕಡೆಗೆ ರಸ್ತೆ ನೆಟ್ಟಗಾದ ಜಾಗದಲ್ಲಿ, ನಾಲ್ಕನೇ ಗೇರಿನಲ್ಲಿ, ಗಂಟೆಗೆ 80 ಕಿ.ಮೀ. ವೇಗದಲ್ಲಿ ಓವರ್‌ಡ್ರೈವ್ ಸ್ವಿಚ್ ಹಾಕಿ ನೋಡಿ. ಒಂದು ಸೆಕೆಂಡಿನ ಆಸುಪಾಸಿನಲ್ಲಿ ಆರ್‌ಪಿಎಂ ಮುಳ್ಳು ಸುಮಾರು 2,800ರಿಂದ 2,300ಕ್ಕೆ ಇಳಿಯಬೇಕು. ಸ್ಪೀಡೋಮೀಟರ್ ಮುಳ್ಳು ಇದ್ದಲ್ಲೇ ಇರಬೇಕು. ಕ್ಲಚ್ ಒತ್ತುವ ಅಗತ್ಯವಿಲ್ಲ. ಹೀಗಾದರೆ ಓವರ್‌ಡ್ರೈವ್ ಸರಿಯಿದೆ. ಮುಳ್ಳು ಇಳಿಯದಿದ್ದರೆ, ಅರ್ಧ ಇಳಿದು ಮತ್ತೆ ಮೇಲೆ ಏರಿದರೆ, ಇಳಿದದ್ದು ಸ್ವಿಚ್ ತೆಗೆದರೂ ಏರದಿದ್ದರೆ ದೋಷವಿದೆ. ಈ ಮೂರೂ ಬೇರೆ ಬೇರೆ ದೋಷಗಳು, ಕಾರಣಗಳೂ ಬೇರೆ. ಆದ್ದರಿಂದ ಗಾಡಿ ಏನು ಮಾಡುತ್ತಿದೆ ಎಂಬುದನ್ನು ಮೊದಲು ಸರಿಯಾಗಿ ಬರೆದಿಟ್ಟುಕೊಳ್ಳಿ: ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ಮೂರನೇ ಗೇರಿನಲ್ಲೂ ಹೀಗೆಯೋ ನಾಲ್ಕರಲ್ಲಿ ಮಾತ್ರವೋ, ತಡವಾಗಿ ಹಿಡಿಯುತ್ತದೆಯೋ ಹಿಡಿಯುವುದೇ ಇಲ್ಲವೋ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಎಂಜಿಬಿಯಲ್ಲಿ ಓವರ್‌ಡ್ರೈವ್ ಘಟಕವನ್ನು ಗಾಡಿಯ ಕೆಳಗಿಂದ ಒಂದೇ ಇಳಿಸಲು ಬರುವುದಿಲ್ಲ. ಎಂಜಿನ್ ಮತ್ತು ಗೇರ್‌ಬಾಕ್ಸ್ ಎರಡನ್ನೂ ಜೋಡಿಯಾಗಿ ಮುಂದಿನಿಂದ ಎತ್ತಿ ಹೊರತೆಗೆಯಬೇಕು. ಚೈನ್ ಪುಲ್ಲಿ, ರೇಡಿಯೇಟರ್, ಪ್ರೊಪೆಲ್ಲರ್ ಶಾಫ್ಟ್ ಎಂದು ಎರಡು ಮೂರು ದಿನದ ಕೆಲಸ. ಓವರ್‌ಡ್ರೈವ್ ಹಿಡಿಯುತ್ತಿಲ್ಲ ಎಂದ ಕೂಡಲೇ ಗೇರ್‌ಬಾಕ್ಸ್ ಇಳಿಸಲು ಹೊರಡುವ ಮಿಸ್ತ್ರಿ ಒಂದು ಹಸಿರುಗಟ್ಟಿದ ವೈರ್ ಜೋಡಣೆಗಾಗಿ ಎಂಜಿನ್ ಕೆಳಗಿಳಿಸಿಬಿಡಬಹುದು. ಈ ದೋಷಗಳಲ್ಲಿ ಹೆಚ್ಚಿನವು ಎಣ್ಣೆ, ಕರೆಂಟು ಮತ್ತು ಕವಾಟ ಈ ಮೂರರಲ್ಲೇ ಮುಗಿಯುತ್ತವೆ. ಮೂರನ್ನೂ ಗಾಡಿಯಲ್ಲೇ ನೋಡಬಹುದು. ಹೊರಗಿನಿಂದ ಒಳಕ್ಕೆ, ಈ ಕ್ರಮ ತಪ್ಪಿಸಬೇಡಿ.

ಇಲ್ಲಿನ ಅಳತೆಗಳು 1967ರ ಕೊನೆಯಿಂದ 1980ರವರೆಗೆ ಬಂದ ಎಂಜಿಬಿಯ, ಲೇಕಾಕ್ ಕಂಪನಿ ಮಾಡಿದ ಎಲ್‌ಎಚ್ ಮಾದರಿಯ ಓವರ್‌ಡ್ರೈವಿಗೆ ಸೇರಿದವು. 1962ರಿಂದ 1967ರವರೆಗಿನ ಗಾಡಿಗಳಲ್ಲಿ ಇರುವುದು ಡಿ ಮಾದರಿ. ಅದರ ವಿಷಯ ಕೊನೆಯಲ್ಲಿದೆ.

ಹಿಂದಕ್ಕೆ ತೆಗೆಯಬೇಡಿ

ಸ್ವಿಚ್ ತೆಗೆದರೂ ಓವರ್‌ಡ್ರೈವ್ ಬಿಡಲಿಲ್ಲ ಎಂಬ ಅನುಮಾನ ಬಂದರೆ ಗಾಡಿಯನ್ನು ರಿವರ್ಸ್ ಗೇರಿಗೆ ಹಾಕಲೇಬಾರದು. ಕೈಯಿಂದಲೂ ಹಿಂದಕ್ಕೆ ನೂಕಬಾರದು. ಒಳಗೆ ಒಂದೇ ದಿಕ್ಕಿಗೆ ತಿರುಗುವ ರೋಲರ್ ಕ್ಲಚ್ ಇದೆ. ಓವರ್‌ಡ್ರೈವ್ ಹಿಡಿದಿರುವಾಗ ಚಕ್ರ ಹಿಂದಕ್ಕೆ ತಿರುಗಿದರೆ ಅದು ಬಿಗಿದುಕೊಳ್ಳುತ್ತದೆ. ಅತ್ತ ಕೋನ್ ಕ್ಲಚ್ (ಘರ್ಷಣೆಯಿಂದ ಹಿಡಿಯುವ ಕೋನಾಕಾರದ ಭಾಗ) ಸೂರ್ಯ ಗೇರನ್ನು (ಜೋಡಣೆಯ ನಡುವಿನ ಗೇರ್) ಕವಚಕ್ಕೆ ಕಟ್ಟಿ ನಿಲ್ಲಿಸಿರುತ್ತದೆ. ಎರಡರ ನಡುವೆ ಸಿಕ್ಕ ರೋಲರುಗಳು, ಅವುಗಳ ಪಂಜರ, ಕೆಲವೊಮ್ಮೆ ಕವಚವೇ ಒಡೆಯುತ್ತದೆ. ನೂರು ರೂಪಾಯಿಯ ದೋಷ ಒಂದು ಕ್ಷಣದಲ್ಲಿ ಇಡೀ ಘಟಕವನ್ನು ತಿಂದುಹಾಕುವುದು ಹೀಗೆ. ಅನುಮಾನವಿದ್ದರೆ ಮುಂದಕ್ಕೇ ಓಡಿಸಿ, ಮುಂದಕ್ಕೇ ತಿರುಗಿಸಿಕೊಂಡು ಬಂದು, ಮುಂದೆ ಜಾಗವಿರುವ ಕಡೆ ನಿಲ್ಲಿಸಿ.

ಒಳಗೆ ಏನು ನಡೆಯುತ್ತದೆ

ಇಷ್ಟು ತಿಳಿದಿದ್ದರೆ ಮುಂದಿನದೆಲ್ಲ ಸುಲಭ. ಗೇರ್‌ಬಾಕ್ಸಿನ ಹಿಂದೆ ಒಂದು ಗ್ರಹ ಗೇರುಗಳ ಜೋಡಣೆ ಇದೆ: ನಡುವೆ ಸೂರ್ಯ ಗೇರ್, ಸುತ್ತ ಮೂರು ಗ್ರಹ ಗೇರುಗಳು, ಹೊರಗೆ ಒಳಹಲ್ಲಿನ ಬಳೆ. ಸಾಮಾನ್ಯ ಓಟದಲ್ಲಿ ಗಟ್ಟಿ ಸ್ಪ್ರಿಂಗುಗಳು ಕೋನ್ ಕ್ಲಚ್ಚನ್ನು ಹಿಂದಕ್ಕೆ, ಬಳೆಯ ಮೇಲೆ ಒತ್ತಿ ಹಿಡಿದಿರುತ್ತವೆ. ಆಗ ಎಲ್ಲವೂ ಒಂದೇ ಗಟ್ಟಿಯಾಗಿ ತಿರುಗುತ್ತದೆ. ಸ್ವಿಚ್ ಹಾಕಿದಾಗ ಸೊಲೆನಾಯ್ಡ್ (ಕರೆಂಟು ಹರಿದಾಗ ಎಳೆಯುವ ಸುರುಳಿ) ಸಣ್ಣ ಕವಾಟವೊಂದನ್ನು ಸರಿಸಿ ಎಣ್ಣೆಯ ದಾರಿ ಬದಲಿಸುತ್ತದೆ, ಒತ್ತಡ ಏರುತ್ತದೆ. ಎರಡು ಪಿಸ್ಟನ್‌ಗಳು ಸ್ಪ್ರಿಂಗನ್ನು ಮೀರಿ ಕೋನ್ ಕ್ಲಚ್ಚನ್ನು ಮುಂದಕ್ಕೆ, ಕದಲದ ಬ್ರೇಕ್ ಬಳೆಗೆ ಒತ್ತುತ್ತವೆ. ಸೂರ್ಯ ಗೇರ್ ನಿಲ್ಲುತ್ತದೆ, ಗ್ರಹಗಳು ಅದರ ಸುತ್ತ ಉರುಳುತ್ತವೆ, ಹೊರಬಳೆ ಹೆಚ್ಚು ವೇಗದಲ್ಲಿ ತಿರುಗುತ್ತದೆ. ಎಲ್‌ಎಚ್‌ನಲ್ಲಿ ಅನುಪಾತ 0.82. ಅಂದರೆ ಅದೇ ವೇಗಕ್ಕೆ ಎಂಜಿನ್ ಸುತ್ತು ನೂರಕ್ಕೆ 18ರಷ್ಟು ಕಡಿಮೆ.

ಎಣ್ಣೆ ಒತ್ತುವ ಪಂಪಿನ ವಿಷಯವನ್ನು ಬಹಳ ಜನ ಮರೆಯುತ್ತಾರೆ. ಅದನ್ನು ನಡೆಸುವುದು ಗೇರ್‌ಬಾಕ್ಸಿನ ಮೇನ್‌ಶಾಫ್ಟ್ ಮೇಲಿನ ಉಬ್ಬು. ಚಕ್ರ ತಿರುಗದೆ ಮೇನ್‌ಶಾಫ್ಟ್ ತಿರುಗುವುದಿಲ್ಲ, ಅದು ತಿರುಗದೆ ಪಂಪಿಲ್ಲ, ಪಂಪಿಲ್ಲದೆ ಒತ್ತಡವಿಲ್ಲ. ನಿಂತ ಗಾಡಿಯಲ್ಲಿ ಪರೀಕ್ಷಿಸಲು ಬರುವುದು ಕರೆಂಟು ಮಾತ್ರ.

ಎಣ್ಣೆ

ಗೇರ್‌ಬಾಕ್ಸಿಗೂ ಓವರ್‌ಡ್ರೈವಿಗೂ ಎಣ್ಣೆ ಒಂದೇ. ತಯಾರಕರು ಹೇಳಿದ್ದು ಗೇರ್ ಆಯಿಲ್ ಅಲ್ಲ, 20ಡಬ್ಲ್ಯು-50 ಎಂಜಿನ್ ಆಯಿಲ್. ಇಲ್ಲಿನ ಗ್ಯಾರೇಜುಗಳಲ್ಲಿ ಗೇರ್‌ಬಾಕ್ಸ್ ಎಂದರೆ 90 ನಂಬರ್ ಎಣ್ಣೆ ಎಂಬುದು ಕೈಗೆ ಕೂತ ಅಭ್ಯಾಸ. ಟ್ರ್ಯಾಕ್ಟರಿಗೆ, ಜೀಪಿಗೆ ಅದೇ ಸರಿ, ಇದಕ್ಕೆ ತಪ್ಪು. ಗಾಡಿ ಬಿಡುವಾಗಲೇ ಹೇಳಿಬಿಡಿ: "ಉಸ್ತಾದ್, ಇದಕ್ಕ ತೊಂಬತ್ತು ನಂಬರ್ ಎಣ್ಣಿ ಬ್ಯಾಡ್ರಿ, ಎಂಜಿನ್ ಆಯಿಲ್ ಇಪ್ಪತ್ತ್ ಐವತ್ತೇ ಹಾಕ್ರಿ." ದಪ್ಪ ಗೇರ್ ಎಣ್ಣೆ ತಣ್ಣಗಿದ್ದಾಗ ಸಣ್ಣ ರಂಧ್ರಗಳಲ್ಲಿ ಹರಿಯುವುದಿಲ್ಲ, ಹಾಗಾಗಿ ಓವರ್‌ಡ್ರೈವ್ ತಡವಾಗಿ ಹಿಡಿಯುತ್ತದೆ, ತಡವಾಗಿ ಬಿಡುತ್ತದೆ. ಅದರೊಳಗಿನ ಗಂಧಕದ ಮಿಶ್ರಣ ಕಂಚಿನ ಭಾಗಗಳಿಗೂ ಒಳ್ಳೆಯದಲ್ಲ. ಎಂಜಿನ್ ನುಣ್ಣಗೆ ಓಡಲೆಂದು ಮಾರುವ ಮಾಲಿಬ್ಡಿನಂ ಪುಡಿಯ ದ್ರವಗಳನ್ನಂತೂ ಹನಿಯೂ ಹಾಕಬೇಡಿ. ಕೋನ್ ಕ್ಲಚ್ ಕೆಲಸ ಮಾಡುವುದೇ ಘರ್ಷಣೆಯಿಂದ. ಅದನ್ನು ನುಣುಪು ಮಾಡಿದರೆ ಜಾರದೆ ಇನ್ನೇನಾದೀತು?

ನಾಲ್ಕೂ ಗೇರಿಗೆ ಸಿಂಕ್ರೊ (ಗೇರ್ ಹಾಕುವಾಗ ವೇಗ ಹೊಂದಿಸುವ ಜೋಡಣೆ) ಇರುವ ಎಲ್‌ಎಚ್ ಗಾಡಿಯಲ್ಲಿ ಓವರ್‌ಡ್ರೈವ್ ಸಹಿತ ಒಟ್ಟು ಎಣ್ಣೆ ಸುಮಾರು 3.4 ಲೀಟರ್. ಬಸಿದು ತುಂಬುವಾಗ ಒಂದಷ್ಟು ಒಳಗೇ ಉಳಿದಿರುತ್ತದೆ, ಆದ್ದರಿಂದ ಲೀಟರ್ ಲೆಕ್ಕಕ್ಕಿಂತ ಗುರುತನ್ನು ನಂಬಿ. ಮೊದಮೊದಲ ಗಾಡಿಗಳಲ್ಲಿ ನಡುವಿನ ಟನೆಲ್ (ಗೇರ್‌ಬಾಕ್ಸನ್ನು ಮುಚ್ಚುವ ಉಬ್ಬು) ಮೇಲಿನ ಹಾಸು ಸರಿಸಿದರೆ ರಬ್ಬರ್ ಬುಚ್ಚು, ಅದರ ಕೆಳಗೆ ಅಳತೆ ಕಡ್ಡಿ ಸಿಗುತ್ತದೆ. ನಂತರದವುಗಳಲ್ಲಿ ಗೇರ್‌ಬಾಕ್ಸಿನ ಪಕ್ಕದಲ್ಲಿ ಲೆವೆಲ್ ಬೋಲ್ಟ್ ಇದೆ. ಗಾಡಿ ಸಮತಟ್ಟಾದ ನೆಲದ ಮೇಲಿರಲಿ. ತುಂಬಿದ ಮೇಲೆ ಐದಾರು ಕಿ.ಮೀ. ಓಡಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ. ಓವರ್‌ಡ್ರೈವ್ ತನ್ನ ಪಾಲನ್ನು ಎಳೆದುಕೊಂಡ ಮೇಲೆ ಮಟ್ಟ ಇಳಿದಿರುತ್ತದೆ. ಅರ್ಧ ಲೀಟರ್ ಕಡಿಮೆಯಾದರೂ ಸಾಕು, ತಿರುವಿನಲ್ಲಿ ಅಥವಾ ಏರಿನಲ್ಲಿ ಪಂಪು ಗಾಳಿ ಎಳೆಯಬಹುದು. ನೆಟ್ಟಗಿನ ರಸ್ತೆಯಲ್ಲಿ ಸರಿಯಿದ್ದು ತಿರುವಿನಲ್ಲಿ ಬಿಡುವ ಓವರ್‌ಡ್ರೈವಿಗೆ ಮೊದಲ ಔಷಧ ಎಣ್ಣೆಯ ಮಟ್ಟ.

ಬಸಿದ ಎಣ್ಣೆಯನ್ನು ಬಿಳಿ ಬಟ್ಟಲಿನಲ್ಲಿ ಹಿಡಿದು ಬಿಸಿಲಿಗೆ ತಿರುಗಿಸಿ ನೋಡಿ. ಬೂದು ಬಣ್ಣದ ನುಣ್ಣನೆಯ ಗಸಿ ಸ್ವಲ್ಪ ಇದ್ದರೆ ಹೆದರಬೇಕಿಲ್ಲ, ಅದು ಸಹಜ ಸವೆತ. ಹಳದಿ ಮಿಣುಕು ಇದ್ದರೆ ಕಂಚಿನ ವಾಷರ್ ಸವೆಯುತ್ತಿದೆ. ಕಪ್ಪು ಚೂರುಗಳು ಕೋನ್ ಕ್ಲಚ್ಚಿನ ಹಾಸಿನವು. ಬೆರಳಿಗೆ ಚುಚ್ಚುವ ಉಕ್ಕಿನ ಚೂರು ಸಿಕ್ಕರೆ ಮುಂದಿನ ಪರೀಕ್ಷೆ ಬೇಡ, ಗಾಡಿ ನಿಲ್ಲಿಸಿ. ಘಟಕ ಹೊರಬರಲೇಬೇಕು.

ಓವರ್‌ಡ್ರೈವಿನ ಸಂಪ್ ಜಾಲರಿಯನ್ನೂ ಈಗಲೇ ತೆಗೆದು ಸೀಮೆ ಎಣ್ಣೆಯಲ್ಲಿ ತೊಳೆದುಬಿಡಿ. ಮುಚ್ಚಳ ತೆಗೆಯುವ ಮೊದಲು ಸುತ್ತಲಿನ ಮಣ್ಣನ್ನು ಬ್ರಷ್ಷಿನಿಂದ ಚೊಕ್ಕ ಮಾಡಿಕೊಳ್ಳಿ. ನಮ್ಮ ಎರೆ ಮಣ್ಣಿನ ಧೂಳು ಎಣ್ಣೆ ಜಿಡ್ಡಿನ ಜೊತೆ ಸೇರಿ ಗಾರೆಯ ಹಾಗೆ ಗಟ್ಟಿಯಾಗಿ ಕೂತಿರುತ್ತದೆ. ಒಂದು ಚಿಟಿಕೆ ಒಳಗೆ ಬಿದ್ದರೂ ಕವಾಟಕ್ಕೆ ಸಾಕು. ಒರೆಸಲು ಎಳೆ ಬಿಡುವ ಹಳೆ ಅರಿವೆ ಬಳಸಬೇಡಿ. ಇನ್ನೊಂದು: ಇಲ್ಲಿನ ಬೋಲ್ಟುಗಳೆಲ್ಲ ಇಂಚಿನವು, ಕವಚ ಅಲ್ಯೂಮಿನಿಯಂ. ಅರ್ಧ ಇಂಚು ಎಂದರೆ 12.7 ಮಿ.ಮೀ. 13ರ ಪಾನಾ ಹಾಕಿ ಜಗ್ಗಿದರೆ ಮೂಲೆ ಸವೆಯುತ್ತದೆ. ಅತಿಯಾಗಿ ಬಿಗಿದರೆ ಥ್ರೆಡ್ಡೇ ಕಿತ್ತು ಬರುತ್ತದೆ.

ಕರೆಂಟು

ದೋಷ ಇಲ್ಲಿರುವ ಸಾಧ್ಯತೆಯೇ ಹೆಚ್ಚು, ಆದ್ದರಿಂದ ಇಲ್ಲಿ ಸಮಯ ಕೊಡಿ.

ಎಂಜಿನ್ ಆರಿಸಿ, ಇಗ್ನಿಷನ್ ಮಾತ್ರ ಆನ್ ಮಾಡಿ, ನಾಲ್ಕನೇ ಗೇರ್ ಹಾಕಿ. ಒಬ್ಬರು ಓವರ್‌ಡ್ರೈವ್ ಸ್ವಿಚ್ ಹಾಕಿ ತೆಗೆಯಲಿ, ಇನ್ನೊಬ್ಬರು ಟನೆಲ್ ಪಕ್ಕ ಕಿವಿಯಿಡಲಿ. ಎಲ್‌ಎಚ್‌ನ ಸೊಲೆನಾಯ್ಡ್ ಘಟಕದ ಒಳಗೇ ಇರುವುದರಿಂದ ಸದ್ದು ಮೆಲುವಾದ ಒಂದು 'ಟಕ್' ಅಷ್ಟೆ. ಬೀದಿಯ ಗದ್ದಲದಲ್ಲಿ ಕೇಳಿಸುವುದಿಲ್ಲ, ನಸುಕಿನಲ್ಲಿ ಮಾಡಿ. ಸದ್ದು ಬಂದರೆ ಕರೆಂಟು ಮುಟ್ಟುತ್ತಿದೆ ಎಂದು ಗೊತ್ತಾಗುತ್ತದೆ. ಸಾಕಷ್ಟು ಮುಟ್ಟುತ್ತಿದೆ ಎಂದು ಗೊತ್ತಾಗುವುದಿಲ್ಲ.

ಅದಕ್ಕೆ ಆಂಪಿಯರ್ ಅಳೆಯಬೇಕು. ಗೇರ್‌ಬಾಕ್ಸಿನ ವೈರುಗಳು ಮುಖ್ಯ ವೈರಿಂಗಿಗೆ ಸೇರುವ ಕಡೆ ಬುಲೆಟ್ ಜೋಡಣೆಗಳಿವೆ. ಹೆಚ್ಚಿನ ವರ್ಷದ ಗಾಡಿಗಳಲ್ಲಿ ಓವರ್‌ಡ್ರೈವಿನದು ಹಳದಿ ವೈರು. ಅದನ್ನು ಬಿಡಿಸಿ, ನಡುವೆ ಮಲ್ಟಿಮೀಟರನ್ನು 10 ಆಂಪ್ ಅಳತೆಯಲ್ಲಿ ಸೇರಿಸಿ. ಎಲ್‌ಎಚ್ ಸೊಲೆನಾಯ್ಡ್ ಎಳೆಯುವುದು ಸುಮಾರು 1 ಆಂಪಿಯರ್. ಸೊನ್ನೆ ತೋರಿಸಿದರೆ ಎಲ್ಲೋ ತುಂಡಾಗಿದೆ. ಅರ್ಧ ಆಂಪ್ ಮಾತ್ರ ಬಂದರೆ ಜೋಡಣೆಗಳು ಕರೆಂಟನ್ನು ತಡೆಯುತ್ತಿವೆ. ನಾಲ್ಕೈದು ಆಂಪ್ ಬಂದರೆ ಸುರುಳಿ ಸುಟ್ಟಿದೆ ಅಥವಾ ವೈರು ಎಲ್ಲೋ ಕವಚಕ್ಕೆ ತಾಗುತ್ತಿದೆ. ವೈರು ಬಿಡಿಸಿದ್ದಾಗಲೇ ಸೊಲೆನಾಯ್ಡಿನ ಓಮ್ ಅಳೆದುಬಿಡಿ: 12ರಿಂದ 15ರ ಆಸುಪಾಸು ಇರಬೇಕು.

ಎಲ್ಲಿ ತಡೆಯುತ್ತಿದೆ ಎಂದು ಹುಡುಕಲು ವೋಲ್ಟ್ ಅಳತೆ. ಸ್ವಿಚ್ ಹಾಕಿದ ಸ್ಥಿತಿಯಲ್ಲೇ, ಕರೆಂಟು ಹರಿಯುತ್ತಿರುವಾಗಲೇ ಅಳೆಯಬೇಕು. ವೈರು ಬಿಡಿಸಿ ಅಳೆದರೆ ಎಲ್ಲ ಕಡೆ 12 ವೋಲ್ಟೇ ತೋರಿಸಿ ಮೋಸ ಮಾಡುತ್ತದೆ. ಬ್ಯಾಟರಿಯ ಪ್ಲಸ್‌ನಿಂದ ಶುರುಮಾಡಿ ಸ್ವಿಚ್ಚಿನ ಈ ಬದಿ, ಆ ಬದಿ, ಗೇರ್‌ಬಾಕ್ಸ್ ಸ್ವಿಚ್ಚಿನ ಈ ಬದಿ, ಆ ಬದಿ ಎಂದು ಒಂದೊಂದೇ ನೋಡುತ್ತ ಬನ್ನಿ. ಒಂದು ಜೋಡಣೆಯಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ಕಳೆದುಹೋದರೆ ಅದೇ ಕಳ್ಳ. ಗೇರ್‌ಬಾಕ್ಸಿಗೂ ಬ್ಯಾಟರಿ ಮೈನಸ್‌ಗೂ ನಡುವೆಯೂ ಅಳೆಯಿರಿ. ಗೇರ್‌ಬಾಕ್ಸ್ ಕೂತಿರುವುದು ರಬ್ಬರಿನ ಮೇಲೆ, ಅದರ ಅರ್ಥ್ ಪಟ್ಟಿ ಹರಿದಿದ್ದರೆ ಕರೆಂಟಿಗೆ ವಾಪಸ್ ದಾರಿ ಇಲ್ಲ.

ಬುಲೆಟ್ ಜೋಡಣೆಯನ್ನು ಹತ್ತಿರದಿಂದ ನೋಡಿ. ಕಪ್ಪು ರಬ್ಬರ್ ತೋಳಿನೊಳಗೆ ಹಿತ್ತಾಳೆಯ ಕೊಳವೆ, ಅದರ ಎರಡೂ ಕಡೆ ಬಟಾಣಿಗಿಂತ ಚಿಕ್ಕ ಗುಂಡಿನಂಥ ತುದಿ. ಹೊರಗಿನಿಂದ ಎಲ್ಲ ಸರಿಯಾಗೇ ಕಾಣುತ್ತದೆ. ಎಳೆದು ಬಿಡಿಸಿದರೆ ಒಳಗೆ ಪಾಚಿ ಬಣ್ಣದ ಪುಡಿ, ಅದರ ಮೇಲೆ ಧೂಳು, ಅದರ ಮೇಲೆ ಎಣ್ಣೆಯ ಒರತೆ. ವೈರನ್ನು ಬಗ್ಗಿಸಿ ನೋಡಿದರೆ ತುದಿಯ ಬುಡದಲ್ಲಿ ತಾಮ್ರದ ಎಳೆಗಳು ಒಂದೆರಡು ಮಾತ್ರ ಉಳಿದಿರುತ್ತವೆ. ಆ ಒಂದೆರಡು ಎಳೆಗಳು ಟೆಸ್ಟ್ ಲ್ಯಾಂಪ್ ಹಚ್ಚಬಲ್ಲವು, ಆದರೆ ಗಾಡಿ ಅಲುಗಾಡುವಾಗ ಸೊಲೆನಾಯ್ಡನ್ನು ಹಿಡಿದಿಡಲಾರವು. ಉಜ್ಜಿ ಮತ್ತೆ ಸೇರಿಸುವುದಕ್ಕಿಂತ ತುದಿ ಕತ್ತರಿಸಿ ಹೊಸ ಬುಲೆಟ್ಟನ್ನು ಬೆಸುಗೆ ಹಾಕುವುದೇ ಸರಿ.

ಇನ್ನು ಗೇರ್‌ಬಾಕ್ಸ್ ಸ್ವಿಚ್. ಮೂರು ಮತ್ತು ನಾಲ್ಕನೇ ಗೇರಿನಲ್ಲಿ ಮಾತ್ರ ಕರೆಂಟು ಬಿಡುವುದು, ರಿವರ್ಸಿನಲ್ಲಿ ಬಿಡದಿರುವುದು ಇದರ ಕೆಲಸ. 1977ರಿಂದ ಬಂದ ಗಾಡಿಗಳಲ್ಲಿ ನಾಲ್ಕನೆಯದರಲ್ಲಿ ಮಾತ್ರ. ಅಂಥ ಗಾಡಿ ಕೊಂಡವರು ಮೂರನೇ ಗೇರಿನಲ್ಲಿ ಹಿಡಿಯುತ್ತಿಲ್ಲ ಎಂದು ಹುಡುಕುತ್ತ ಕೂರಬೇಕಿಲ್ಲ. ಸೊಲೆನಾಯ್ಡ್ ವೈರಿಗೆ ಟೆಸ್ಟ್ ಲ್ಯಾಂಪ್ ಕಟ್ಟಿ, ನಾಲ್ಕನೇ ಗೇರಿನಲ್ಲಿಟ್ಟು ಗೇರ್ ಕೋಲನ್ನು ಬೆರಳಿಂದ ಎಡಕ್ಕೆ ಬಲಕ್ಕೆ ಒತ್ತಿ ನೋಡಿ. ಲ್ಯಾಂಪ್ ಮಿಣುಕಿದರೆ ಸ್ವಿಚ್ಚಿನ ಒತ್ತುಗುಂಡಿ ಅಂಚಿನಲ್ಲಿ ಕೆಲಸ ಮಾಡುತ್ತಿದೆ. ಸ್ವಿಚ್ ಕೆಳಗೆ ತೆಳು ಫೈಬರ್ ವಾಷರುಗಳಿವೆ. ಒಂದನ್ನು ತೆಗೆದರೆ ಸ್ವಿಚ್ ಅಷ್ಟು ಒಳಗೆ ಹೋಗುತ್ತದೆ, ಬೇಗ ಸೇರುತ್ತದೆ. ಎರಡು ಮೂರು ಒಟ್ಟಿಗೇ ತೆಗೆಯಬೇಡಿ. ಅತಿ ಒಳಗೆ ಹೋದರೆ ಸ್ವಿಚ್ ಒಡೆಯುತ್ತದೆ, ಇಲ್ಲವೇ ಎಲ್ಲ ಗೇರಿನಲ್ಲೂ ಕರೆಂಟು ಬಿಡುತ್ತದೆ. ವಾಷರ್ ಮುಟ್ಟಿದ ಪ್ರತಿ ಸಲವೂ ರಿವರ್ಸ್ ಗೇರ್ ಹಾಕಿ ಲ್ಯಾಂಪ್ ಆರಿದೆಯೇ ನೋಡಲೇಬೇಕು.

ಬ್ಯಾಟರಿಯಿಂದ ನೇರ ವೈರು ಎಳೆದು, ನಡುವೆ 5 ಆಂಪಿನ ಫ್ಯೂಸ್ ಹಾಕಿ ಸೊಲೆನಾಯ್ಡಿಗೆ ಮುಟ್ಟಿಸುವುದು ಒಳ್ಳೆಯ ಪರೀಕ್ಷೆ. ಆದರೆ ಹಾಗೇ ಕಟ್ಟಿಕೊಂಡು ಓಡಿಸಬೇಡಿ. ರಿವರ್ಸಿನ ಕಾವಲು ಹೋಗಿಬಿಡುತ್ತದೆ. ಬಹಳಷ್ಟು ಗಾಡಿಗಳಲ್ಲಿ ಈ ಸರ್ಕಿಟ್ಟಿಗೆ ಫ್ಯೂಸೇ ಇಲ್ಲ, ಒಂದು ವೈರು ಕವಚಕ್ಕೆ ತಾಗಿದರೆ ಇಗ್ನಿಷನ್ ವೈರಿಂಗ್ ಪೂರ್ತಿ ಸುಡಬಹುದು. ರಿಪೇರಿ ಮುಗಿಸುವಾಗ ಒಂದು ಫ್ಯೂಸ್ ಖಾಯಂ ಸೇರಿಸಿ. ಸೊಲೆನಾಯ್ಡಿಗೆ ಅಡ್ಡಲಾಗಿ 1ಎನ್4007 ಡಯೋಡ್ ಒಂದನ್ನು, ಬಿಳಿ ಪಟ್ಟೆಯ ತುದಿ ಪ್ಲಸ್ ಕಡೆಗೆ ಬರುವಂತೆ ಹಾಕಿದರೆ ಸ್ವಿಚ್ಚಿನ ತುದಿಗಳು ಕಿಡಿಯಿಂದ ಸವೆಯುವುದು ನಿಲ್ಲುತ್ತದೆ. ಟಿವಿ ರಿಪೇರಿ ಅಂಗಡಿಯಲ್ಲಿ ಸಿಗುತ್ತದೆ. ಇದು ಮೈನಸ್ ಅರ್ಥ್ ಗಾಡಿಯ, ಅಂದರೆ ಬ್ಯಾಟರಿಯ ಮೈನಸ್ ತುದಿ ಗಾಡಿಯ ಮೈಗೆ ಸೇರಿರುವ ಗಾಡಿಯ ಮಾತು.

ಬಿಸಿಯಾದ ಮೇಲೆ ಬಿಡುವ ಓವರ್‌ಡ್ರೈವ್

ಕಲಬುರಗಿ, ಯಾದಗಿರಿಯ ಏಪ್ರಿಲ್‌-ಮೇ ತಿಂಗಳಲ್ಲಿ ನೆರಳಿನಲ್ಲೇ 40 ಡಿಗ್ರಿ ದಾಟುತ್ತದೆ. ಸೈಲೆನ್ಸರ್ ಪೈಪು ಗೇರ್‌ಬಾಕ್ಸಿನ ಪಕ್ಕದಲ್ಲೇ ಹಾದುಹೋಗುತ್ತದೆ, ಟನೆಲ್ ಒಳಗೆ ಗಾಳಿ ಆಡುವುದಿಲ್ಲ. ತಂಪು ದೇಶದಲ್ಲಿ ಹತ್ತು ವರ್ಷ ಮರೆಯಲ್ಲಿರುವ ದೋಷ ಇಲ್ಲಿ ಒಂದೇ ಬೇಸಿಗೆಯಲ್ಲಿ ಹೊರಬೀಳುತ್ತದೆ. ಬೆಳಗ್ಗೆ ಹಿಡಿಯುವುದು, ಮಧ್ಯಾಹ್ನ ಅರ್ಧ ಗಂಟೆ ಓಡಿದ ಮೇಲೆ ಬಿಡುವುದು: ಇದಕ್ಕೆ ಎರಡು ಕಾರಣ ಇರಬಹುದು, ಎರಡನ್ನೂ ಬೇರ್ಪಡಿಸಬಹುದು.

ಮೊದಲನೆಯದು ಕರೆಂಟು. ತಾಮ್ರ ಬಿಸಿಯಾದಷ್ಟೂ ಅದರ ರೋಧ ಏರುತ್ತದೆ. 25 ಡಿಗ್ರಿಯಲ್ಲಿ 14 ಓಮ್ ಇರುವ ಸುರುಳಿ 100 ಡಿಗ್ರಿಯಲ್ಲಿ 18 ಓಮ್ ಆಗುತ್ತದೆ. ತಣ್ಣಗಿದ್ದಾಗ 13.8 ವೋಲ್ಟಿನಲ್ಲಿ 0.99 ಆಂಪ್ ಎಳೆಯುತ್ತಿದ್ದದ್ದು, ಜೋಡಣೆಗಳಲ್ಲಿ 2 ವೋಲ್ಟ್ ಕಳೆದುಕೊಂಡು ಬಿಸಿಯಾದಾಗ 0.66 ಆಂಪಿಗೆ ಇಳಿಯುತ್ತದೆ. ಮೂರನೇ ಒಂದು ಭಾಗ ಹೋಯಿತು. ಕವಾಟ ಎಳೆದು ಹಿಡಿಯುವ ಬಲ ಅದಕ್ಕಿಂತಲೂ ಹೆಚ್ಚು ತಗ್ಗುತ್ತದೆ. ಸುರುಳಿ ಬಿಸಿಯಾಗುವುದನ್ನು ತಡೆಯಲು ಬರುವುದಿಲ್ಲ, ಜೋಡಣೆಯಲ್ಲಿ ಕಳೆಯುವ 2 ವೋಲ್ಟನ್ನು ವಾಪಸ್ ಪಡೆಯಬಹುದು. ತಂಪಿದ್ದಾಗ ಅಳೆದು 'ಸರಿಯಿದೆ' ಎಂದು ಬಿಡುವುದು ಇಲ್ಲಿ ಆಗುವ ತಪ್ಪು. ದೋಷ ಕಾಣಿಸಿಕೊಂಡ ಕೂಡಲೇ ರಸ್ತೆ ಪಕ್ಕ ನಿಲ್ಲಿಸಿ, ಬಿಸಿಯಲ್ಲೇ ಆಂಪ್ ಅಳೆಯಿರಿ. 'ಟಕ್' ಸದ್ದು ಇಲ್ಲ, ಬ್ಯಾಟರಿಯಿಂದ ನೇರ ವೈರು ಮುಟ್ಟಿಸಿದರೆ ಸದ್ದು ಬರುತ್ತದೆ ಎಂದಾದರೆ ದೋಷ ವೈರಿಂಗಿನಲ್ಲಿ. ನೇರ ವೈರಿಗೂ ಸದ್ದಿಲ್ಲದಿದ್ದರೆ ಸೊಲೆನಾಯ್ಡಿನಲ್ಲಿ.

ಎರಡನೆಯದು ಎಣ್ಣೆ ತೆಳುವಾಗುವುದು. ಸದ್ದು ಸರಿಯಾಗಿ ಬಂದು, ಆಂಪ್ ಸರಿಯಿದ್ದೂ ಓವರ್‌ಡ್ರೈವ್ ಬಿಡುತ್ತಿದ್ದರೆ ಒತ್ತಡ ಎಲ್ಲೋ ಸೋರುತ್ತಿದೆ. 100 ಕಿ.ಮೀ. ವೇಗದಲ್ಲಿ ಹಿಡಿದು, 60ಕ್ಕೆ ಇಳಿದಾಗ ಬಿಟ್ಟುಕೊಡುತ್ತದೆಯೇ ನೋಡಿ. ಹಾಗಿದ್ದರೆ ಪಂಪು ಜೋರಾಗಿ ಓಡಿದಾಗ ಸೋರಿಕೆಯನ್ನು ಮೀರುತ್ತಿದೆ, ನಿಧಾನವಾದಾಗ ಸೋಲುತ್ತಿದೆ.

ಸೋರುವ ಜಾಗಗಳಲ್ಲಿ ಮೊದಲು ನೋಡಬೇಕಾದದ್ದು ಸೊಲೆನಾಯ್ಡ್ ಕವಾಟದ ಓ-ರಿಂಗ್‌ಗಳು. ಎಲ್‌ಎಚ್‌ನಲ್ಲಿ ಹೆಸರಿನ ಫಲಕದಂತೆ ಕಾಣುವ ಮುಚ್ಚಳದ ಹಿಂದೆ ಸೊಲೆನಾಯ್ಡ್ ಇದೆ. ಕೆಳಗಿನ ಅಡ್ಡಪಟ್ಟಿ ಬಿಚ್ಚಿ ಗೇರ್‌ಬಾಕ್ಸನ್ನು ಜಾಕ್ ಮೇಲೆ ಸ್ವಲ್ಪ ಇಳಿಸಿಕೊಂಡರೆ ಸ್ಕ್ರೂಗಳಿಗೆ ಕೈ ಆಡುತ್ತದೆ. ರಬ್ಬರ್ ರಿಂಗ್ ಗಟ್ಟಿಯಾಗಿ ಚಪ್ಪಟೆಯಾಗಿದ್ದರೆ, ಉಗುರಿನಿಂದ ಒತ್ತಿದಾಗ ಗುರುತು ಹಾಗೇ ಉಳಿದರೆ ಬದಲಾಯಿಸಿ. ಹೊಸ ರಿಂಗುಗಳೂ ಇಂಚಿನ ಅಳತೆಯವೇ ಆಗಬೇಕು. ಡಬ್ಬಿಯಲ್ಲಿ ಬರುವ ಮಿ.ಮೀ. ರಿಂಗುಗಳಲ್ಲಿ ಹತ್ತಿರದ್ದೊಂದನ್ನು ಕೂರಿಸಿದರೆ ಒಂದು ವಾರ ನಡೆಯುತ್ತದೆ, ಆಮೇಲೆ ಹಾಡಿದ್ದೇ ಹಾಡು. ನಮ್ಮ ಬಿಸಿಲಿಗೆ ವೈಟಾನ್ ರಬ್ಬರಿನವು ಸಿಕ್ಕರೆ ಅವನ್ನೇ ತರಿಸಿ. ಕೂರಿಸುವ ಮುನ್ನ ಅದೇ ಎಂಜಿನ್ ಎಣ್ಣೆ ಸವರಿ. ರಬ್ಬರನ್ನು ಪೆಟ್ರೋಲಿನಲ್ಲಿ ತೊಳೆಯಬೇಡಿ.

ಒತ್ತಡ ಅಳೆಯುವುದು

ಎಣ್ಣೆ, ಕರೆಂಟು, ಜಾಲರಿ, ಓ-ರಿಂಗ್ ಎಲ್ಲ ಮುಗಿದ ಮೇಲೂ ದೋಷ ಉಳಿದಿದ್ದರೆ ಮಾತ್ರ ಗೇಜ್. 0ರಿಂದ 600 ಪಿಎಸ್‌ಐ ತೋರಿಸುವ ಗೇಜ್ ಸಾಕು. ಜೆಸಿಬಿ, ಟ್ರ್ಯಾಕ್ಟರಿಗೆ ಹೈಡ್ರಾಲಿಕ್ ಪೈಪ್ ಒತ್ತಿಕೊಡುವ ಅಂಗಡಿಯಲ್ಲಿ ಗೇಜೂ ಗಟ್ಟಿ ಪೈಪೂ ಸಿಗುತ್ತವೆ. ರಿಲೀಫ್ ವಾಲ್ವಿನ (ಹೆಚ್ಚಾದ ಒತ್ತಡವನ್ನು ಬಿಡುವ ಕವಾಟ) ಬುಚ್ಚಿನ ಜಾಗಕ್ಕೆ ಕೂರುವ ಅಡಾಪ್ಟರನ್ನು ಮಾತ್ರ ಲೇತಿನಲ್ಲಿ ಮಾಡಿಸಬೇಕು. ಕಪನೂರ ಕೈಗಾರಿಕಾ ಪ್ರದೇಶದಂಥ ಕಡೆ ಒಳ್ಳೆಯ ಕೈಗಳಿವೆ. ಹಳೆ ಬುಚ್ಚನ್ನೇ ಮಾದರಿಗೆ ಒಯ್ಯಿರಿ. ಥ್ರೆಡ್ ಮಾತ್ರವಲ್ಲ, ಒಳಗೆ ಹೋಗುವ ಉದ್ದವೂ ಅಷ್ಟೇ ಇರಬೇಕು, ಒಳಗಿನ ಭಾಗಗಳನ್ನು ಹಿಡಿದಿರುವುದು ಅದೇ ಬುಚ್ಚು.

ಹಿಂದಿನ ಎರಡೂ ಚಕ್ರ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ, ಮುಂದಿನ ಚಕ್ರಗಳಿಗೆ ಎರಡೂ ಕಡೆ ಕಟ್ಟಿಗೆ ಕೊಡಿ. ಅಂಗಳದಲ್ಲಿ ಶಹಾಬಾದ್ ಕಲ್ಲು ಹಾಸಿದ್ದರೆ ಎಚ್ಚರ. ಕೆಳಗೆ ಪೊಳ್ಳಿದ್ದ ಕಲ್ಲು ಸ್ಟ್ಯಾಂಡಿನ ಕಾಲಿಗೆ ಫಟ್ಟನೆ ಬಿರಿಯುತ್ತದೆ. ಪ್ರತಿ ಸ್ಟ್ಯಾಂಡಿನ ಕೆಳಗೂ ಎರಡಿಂಚು ದಪ್ಪದ ಹಲಗೆ ಇರಲಿ. ಎರೆ ನೆಲದ ಮೇಲಂತೂ ಈ ಕೆಲಸ ಬೇಡವೇ ಬೇಡ. ಗಾಡಿಯ ಕೆಳಗೆ ಯಾರೂ ಇರಬಾರದು, ಗೇಜನ್ನು ಪೈಪಿನಿಂದ ಪಕ್ಕಕ್ಕೆ ಎಳೆದುಕೊಳ್ಳಿ.

ಎಣ್ಣೆ ಬಿಸಿಯಾದ ಮೇಲೆ ನಾಲ್ಕನೇ ಗೇರಿನಲ್ಲಿ ಸ್ಪೀಡೋಮೀಟರ್ 50 ಕಿ.ಮೀ. ತೋರಿಸುವಂತೆ ಓಡಿಸಿ. ಸ್ವಿಚ್ ಹಾಕದಿದ್ದಾಗ ಸುಮಾರು 20 ಪಿಎಸ್‌ಐ, ಹಾಕಿದಾಗ 400ರ ಆಸುಪಾಸು ಬರಬೇಕು. 20 ಇದ್ದು 400 ಬರಲೇ ಇಲ್ಲವೆಂದರೆ ಕವಾಟ ಸರಿಯುತ್ತಿಲ್ಲ ಅಥವಾ ರಿಲೀಫ್ ವಾಲ್ವ್ ತೆರೆದೇ ಕೂತಿದೆ, ಅದನ್ನು ತೆಗೆದು ತೊಳೆಯಿರಿ. 250ಕ್ಕೆ ನಿಂತು ವೇಗ ಏರಿಸಿದಂತೆ ಏರಿದರೆ ಪಂಪು, ಅದರ ನಾನ್ ರಿಟರ್ನ್ ವಾಲ್ವ್ ಅಥವಾ ಪಿಸ್ಟನ್ನಿನ ರಿಂಗು. ಏನೂ ಏರದೆ ಮುಳ್ಳು ನಡುಗುತ್ತಿದ್ದರೆ ಪಂಪು ಗಾಳಿ ಎಳೆಯುತ್ತಿದೆ. ಸ್ಪ್ರಿಂಗಿನ ಕೆಳಗೆ ವಾಷರ್ ತುರುಕಿ ಒತ್ತಡ ಏರಿಸುವ ಉಪಾಯವನ್ನು ನಂಬಬೇಡಿ. ಸೋರುವ ರಿಂಗು ಇನ್ನಷ್ಟು ಸೋರುತ್ತದೆ, ಹಿಡಿಯುವಾಗ ಬೀಳುವ ಏಟಿಗೆ ಹಿಂದಿನ ಆಕ್ಸಲ್ ನರಳುತ್ತದೆ.

400 ಪೂರ್ತಿ ಬಂದೂ, ಆರ್‌ಪಿಎಂ ಇಳಿದು ಆಕ್ಸಿಲರೇಟರ್ ಒತ್ತಿದಾಗ ಮತ್ತೆ ಏರಿದರೆ ಕೋನ್ ಕ್ಲಚ್ಚಿನ ಹೊರ ಹಾಸು ಸವೆದಿದೆ ಅಥವಾ ತಪ್ಪು ಎಣ್ಣೆಯಿಂದ ಗಾಜಿನಂತಾಗಿದೆ. ತಪ್ಪು ಎಣ್ಣೆಯ ಅನುಮಾನವಿದ್ದರೆ ಎರಡು ಸಲ ಎಣ್ಣೆ ಬದಲಿಸಿ, ನಡುವೆ 200 ಕಿ.ಮೀ. ಓಡಿಸಿ ನೋಡುವುದು ಎಂಜಿನ್ ಇಳಿಸುವುದಕ್ಕಿಂತ ಅಗ್ಗ. ಓವರ್‌ಡ್ರೈವ್ ಇಲ್ಲದಾಗ ರಿವರ್ಸಿನಲ್ಲಿ ಜಾರುವುದು, ಇಳಿಜಾರಿನಲ್ಲಿ ಕಾಲು ತೆಗೆದರೆ ಎಂಜಿನ್ ಹಿಡಿತ ಸಿಗದಿರುವುದು ಕೋನಿನ ಒಳ ಹಾಸಿನ ಅಥವಾ ಸ್ಪ್ರಿಂಗಿನ ದೋಷ. ಮುಂದಕ್ಕೆ ಭಾರ ಎಳೆಯುವಾಗಲೇ ಜಾರಿದರೆ ರೋಲರ್ ಕ್ಲಚ್. ಈ ಮೂರಕ್ಕೂ ಘಟಕ ಬಿಚ್ಚದೆ ದಾರಿಯಿಲ್ಲ.

ಹಿಡಿದದ್ದು ಬಿಡದಿದ್ದರೆ

ಮೊದಲು ಸೊಲೆನಾಯ್ಡಿನ ವೈರು ಕಿತ್ತುಬಿಡಿ. ಆಗ ಬಿಟ್ಟರೆ ದೋಷ ಸ್ವಿಚ್ಚಿನಲ್ಲಿ. ಬಿಡದಿದ್ದರೆ ಕವಾಟ ಅಂಟಿದೆ, ಸಣ್ಣ ರಂಧ್ರ ಕಟ್ಟಿದೆ ಅಥವಾ ಕೋನ್ ಬ್ರೇಕ್ ಬಳೆಗೆ ಕಚ್ಚಿಕೊಂಡಿದೆ. ನಿಧಾನವಾಗಿ, ನಾಲ್ಕೈದು ಸೆಕೆಂಡಿಗೆ ಬಿಡುವ ಗಾಡಿಯಲ್ಲಿ ರಂಧ್ರ ಕಟ್ಟಿರುವುದೇ ಹೆಚ್ಚು. ಕವಾಟ ತೆಗೆದು, ರಂಧ್ರದ ಮೂಲಕ ಆಕಾಶ ನೋಡಿ. ದುಂಡಗಿನ ಬೆಳಕು ಕಾಣಬೇಕು. ಕಾಣದಿದ್ದರೆ ವೈರಿನ ಒಂದು ತಾಮ್ರದ ಎಳೆ ತೂರಿಸಿ, ಗಾಳಿ ಊದಿ. ಸೂಜಿ ಹಾಕಿ ಅಗಲ ಮಾಡಬೇಡಿ.

ವರ್ಷಗಟ್ಟಲೆ ನಿಂತಿದ್ದ ಗಾಡಿಯಲ್ಲಿ ಕೋನ್ ಕಚ್ಚಿರುವುದುಂಟು. ಎರಡು ಅರ್ಧ ಕವಚಗಳ ನಡುವೆ ಬ್ರೇಕ್ ಬಳೆಯ ಅಂಚು ಹೊರಗೆ ಕಾಣುತ್ತದೆ. ಅದರ ಸುತ್ತ ಮರದ ಅಥವಾ ತೊಗಲಿನ ಸುತ್ತಿಗೆಯಿಂದ ಹಗುರವಾಗಿ ತಟ್ಟುತ್ತ ಬಂದರೆ ಒಮ್ಮೆ ದಢ್ ಎಂದು ಬಿಡುತ್ತದೆ. ಆ ಸದ್ದು ಕೇಳಿದರೆ ಗೆದ್ದಂತೆ. ಕಬ್ಬಿಣದ ಸುತ್ತಿಗೆ ಮುಟ್ಟಿಸಬೇಡಿ.

ಡಿ ಮಾದರಿಯಲ್ಲಿ ಬೇರೆ ಇರುವುದು

ಇಲ್ಲಿ ಸೊಲೆನಾಯ್ಡ್ ಹೊರಗಿದೆ, ಸದ್ದು ಜೋರು, ಸುರುಳಿ ಎರಡು. ಎಳೆಯುವ ಸುರುಳಿ ಒಂದು ಕ್ಷಣ 15ರಿಂದ 20 ಆಂಪ್ ತೆಗೆದುಕೊಂಡು ಕತ್ತರಿಸಿಕೊಳ್ಳಬೇಕು. ಆಮೇಲೆ ಹಿಡಿಯುವ ಸುರುಳಿಗೆ 1ರಿಂದ 2 ಆಂಪ್ ಸಾಕು. ಮೀಟರ್ 15ರ ಮೇಲೇ ನಿಂತರೆ ತಕ್ಷಣ ಸ್ವಿಚ್ ತೆಗೆಯಿರಿ, ಇಲ್ಲದಿದ್ದರೆ ಸುರುಳಿ ಸುಡುತ್ತದೆ. ಸೊಲೆನಾಯ್ಡಿನೊಳಗಿನ ಕೋಲು ಪೂರ್ತಿ ಒಳಗೆ ಸರಿಯುತ್ತಿಲ್ಲ ಎಂದು ಅರ್ಥ. 10 ಆಂಪಿನ ಮಲ್ಟಿಮೀಟರ್ ಇಲ್ಲಿ ಬಳಸಿದರೆ ಫ್ಯೂಸ್ ಹೋಗುತ್ತದೆ, ಕ್ಲ್ಯಾಂಪ್ ಮೀಟರ್ ಬೇಕು, ಅದೂ ಡಿಸಿ ಅಳೆಯುವಂಥದ್ದು. ಹೊರಗಿನ ಸನ್ನೆಗೋಲಿನಲ್ಲಿ 3/16 ಇಂಚಿನ ತೂತಿದೆ. ಕರೆಂಟು ಇದ್ದಾಗ ಅದು ಕವಚದ ತೂತಿಗೆ ಸರಿಯಾಗಿ ಎದುರಾಗಬೇಕು. ಅದೇ ದಪ್ಪದ ಡ್ರಿಲ್ ಬಿಟ್ಟಿನ ಹಿಂಬದಿ ತೂರಿಸಿ ಹೊಂದಿಸಿಕೊಳ್ಳಿ. ಈ ಗಾಡಿಗಳು ಪ್ಲಸ್ ಅರ್ಥ್. ಮೇಲೆ ಹೇಳಿದ ಡಯೋಡನ್ನು ಇಲ್ಲಿ ಹಾಗೇ ಹಾಕಬೇಡಿ, ಮೀಟರಿನ ಕಡ್ಡಿಗಳನ್ನೂ ಅದಲುಬದಲು ಹಿಡಿಯಿರಿ.

ಎಲ್ಲ ಮುಗಿದ ಮೇಲೆ 15 ಕಿ.ಮೀ. ಓಡಿಸಿ, ಎಣ್ಣೆಯ ಮಟ್ಟ ಮತ್ತೆ ನೋಡಿ, ಮುಚ್ಚಳದ ಅಂಚುಗಳಲ್ಲಿ ಒರತೆ ಇದೆಯೇ ಎಂದು ಬೆರಳಾಡಿಸಿ. ಟೆಸ್ಟ್ ಲ್ಯಾಂಪ್ ಕಟ್ಟಿಕೊಂಡು, ಓವರ್‌ಡ್ರೈವ್ ಸ್ವಿಚ್ ಆನ್ ಇಟ್ಟೇ ರಿವರ್ಸ್ ಗೇರ್ ಹಾಕಿ, ಎಂಜಿನ್ ಆರಿಸಿಯೇ. ಲ್ಯಾಂಪ್ ಆರಿದ್ದರೆ ಮಾತ್ರ ಗಾಡಿಯನ್ನು ಹಿಂದಕ್ಕೆ ತೆಗೆಯಿರಿ.